ಅರ್ಧ ಕಿಲೋಮೀಟರಿನ ಉಪಕಾರ

ನಮ್ಮ ಮಂಗಳೂರಿನಲ್ಲಿ ಯಾವ ಕೆಲಸವನ್ನೂ ಒಬ್ಬನೇ ಕೆಡಿಸಿಕೊಳ್ಳಲು ಸಾಧ್ಯವಿಲ್ಲ. ಉಪಕಾರ ಮಾಡುವವರು ಬಂದೇ ಬರುತ್ತಾರೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಕಾಡುದಾರಿಯಲ್ಲಿ ಐವತ್ತು ಕಿಲೋಮೀಟರ್ ಓಡಲು ಹೊರಟಾಗಲೂ ಬಂದರು.

೧. ರಕ್ತದಾನಿಗಳು

ಮನೆ ಪಡೀಲಿನಲ್ಲಿ, ನನ್ನ ಮೆಡಿಕಲ್ ಶಾಪ್ ಫಳ್ನೀರಿನಲ್ಲಿ. ಅಭ್ಯಾಸ ಆಗಲಿ ಎಂದು ಬೆಳಿಗ್ಗೆ ಅಂಗಡಿಗೆ ಓಡಿಕೊಂಡೇ ಹೋಗತೊಡಗಿದೆ. ದಾರಿಯಲ್ಲಿ ಗುರುತಿನವರೆಲ್ಲ ಸ್ಕೂಟರ್ ನಿಲ್ಲಿಸಿ, "ಎಂತ, ಬಸ್ ತಪ್ಪಿತಾ? ಕೂತ್ಕೊಳ್ಳಿ" ಎನ್ನುವರು. ಬೇಡ ಎಂದರೆ ಮುಖ ಸಣ್ಣ ಮಾಡುವರು. "ಹಾಗಾದ್ರೆ ಬ್ಯಾಗ್ ಆದ್ರೂ ಕೊಡಿ" ಎಂದವರೂ ಉಂಟು.

ಫಳ್ನೀರಿನ ಕಥೆ ಬೇರೆ. ಅಲ್ಲಿ ಹೆಜ್ಜೆಗೊಂದು ಆಸ್ಪತ್ರೆ. ಬೆವರು ಸುರಿಸಿ ಓಡುವವನ ಮನೆಯವರು ಯಾರೋ ಐಸಿಯುನಲ್ಲಿದ್ದಾರೆ ಎಂದೇ ಅರ್ಥ. ಒಬ್ಬ ರಿಕ್ಷಾದವನು ಹಿಂದೆಯೇ ಬಂದು ಅಡ್ಡ ನಿಲ್ಲಿಸಿದ. "ಅಣ್ಣ, ಬ್ಲಡ್ ಬೇಕಾ? ನನ್ನದು ಓ ಪಾಸಿಟಿವ್."

ಏದುಸಿರು ಬಿಡುತ್ತಾ ಬೇಡ ಎಂದು ಕೈ ಆಡಿಸಿದೆ. ಅಷ್ಟರಲ್ಲಿ ಇನ್ನಿಬ್ಬರು ಅಂಗಿಯ ತೋಳು ಮಡಚಿ ನಿಂತಾಗಿತ್ತು. "ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಓಡ್ತಾ ಇದ್ದೇನೆ" ಎಂದೆ. ಮೂವರಿಗೂ ಬೇಜಾರಾಯಿತು.

"ಸುಮ್ಮನೆ ಓಡುವವರು ಮೈದಾನಕ್ಕೆ ಹೋಗ್ಬೇಕು ಮಾರಾಯ್ರೆ, ಇಲ್ಲಿ ಜನ ಹೆದರ್ತಾರೆ" ಎಂದು ಬೈದು ರಿಕ್ಷಾದವನು ಹೋದ.

೨. ಮೂರು ಬದಿಯ ಕಂಪೌಂಡು

ಈ ಹುಚ್ಚು ಹತ್ತಿದ್ದು ನನ್ನ ಅಣ್ಣನ ದೆಸೆಯಿಂದ. ಅವನು ಹೋಟೆಲ್ ಇಟ್ಟು ಗೆದ್ದವನು. ಯಾವ ಮದುವೆಗೆ ಹೋದರೂ ನಾಲ್ಕು ಜನರೆದುರು ನನ್ನ ಹೆಗಲಿಗೆ ಕೈ ಹಾಕಿ, "ಇವ ಎಲ್ಲ ಅರ್ಧಕ್ಕೆ ಬಿಡುವವ" ಎಂದು ನಗುತ್ತಾನೆ. ಪೂರ್ತಿ ಸುಳ್ಳೂ ಅಲ್ಲ. ಇಂಜಿನಿಯರಿಂಗ್ ಬಿಟ್ಟೆ, ಕ್ಯಾಟರಿಂಗ್ ಬಿಟ್ಟೆ, ಮನೆಯ ಕಂಪೌಂಡು ಹನ್ನೊಂದು ವರ್ಷದಿಂದ ಮೂರೇ ಬದಿಗಿದೆ. ಆದರೆ ಅಂಗಡಿಯನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದೇನಲ್ಲ, ಅದು ಯಾರ ಬಾಯಲ್ಲೂ ಬರುವುದಿಲ್ಲ. ಒಂದನ್ನಾದರೂ ಅವನ ಕಣ್ಣೆದುರೇ ಮುಗಿಸಬೇಕು ಎಂದು ಓಟಕ್ಕೆ ಹೆಸರು ಕೊಟ್ಟೆ. ಹತ್ತು ಗಂಟೆಯೊಳಗೆ ಮುಗಿಸಿದರೆ ಪದಕ.

"ನಾನೂ ಬರ್ತೇನೆ, ಕಾರು ಉಂಟಲ್ಲ" ಎಂದ ಅಣ್ಣ. "ನೀನು ಬಿಟ್ಟಲ್ಲಿಂದ ಕರ್ಕೊಂಡು ಬರ್ಲಿಕ್ಕೆ ಜನ ಬೇಡ್ವಾ?"

೩. ಅಂಗಳದ ಕೋರಿ ರೊಟ್ಟಿ

ಘಟ್ಟದ ಬುಡದ ಕಾಡು. ಜಿಗಣೆ ಕಚ್ಚಿಸಿಕೊಂಡು, ಎರಡು ಸಲ ಜಾರಿ ಬಿದ್ದು, ನಲವತ್ತನೇ ಕಿಲೋಮೀಟರ್ ಮುಟ್ಟಿದಾಗ ನನ್ನ ಕೈಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇತ್ತು. ಅಲ್ಲಿ ದಾರಿ ಹಾದುಹೋಗುವುದು ಅತ್ತಿಗೆಯ ತವರುಮನೆಯ ಅಂಗಳದಲ್ಲಿ. ಅತ್ತಿಗೆ ಮೊದಲೇ ಫೋನ್ ಮಾಡಿದ್ದಳು. ಕುರ್ಚಿ, ಮೇಜು, ಕೋರಿ ರೊಟ್ಟಿ, ಅದಕ್ಕೆ ಸುರಿಯಲು ಕೋಳಿಸಾರು ಎಲ್ಲ ತಯಾರು.

"ಅಮ್ಮ, ನಾನು ಓಟದಲ್ಲಿದ್ದೇನೆ" ಎಂದೆ ಅತ್ತಿಗೆಯ ತಾಯಿಗೆ.

"ಓಟ ಎಲ್ಲಿಗೆ ಹೋಗ್ತದೆ? ಉಂಡು ಓಡಿ. ನಮ್ಮ ಮನೆಯದ್ದು ನಿಮಗೆ ಆಗುದಿಲ್ವಾ?"

ಅಣ್ಣನ ಮಾವನ ಮನೆಯಲ್ಲಿ ಉಣ್ಣದೆ ಹೋದರೆ ಹತ್ತು ವರ್ಷ ಮಾತು ಕೇಳಬೇಕು. ಕೂತೆ. ಹಿಂದಿನಿಂದ ಬಂದ ಓಟಗಾರರು ಇದು ಸಂಘಟಕರದ್ದೇ ವ್ಯವಸ್ಥೆ ಎಂದುಕೊಂಡು ತಾವೂ ನುಗ್ಗಿದರು. ಒಬ್ಬ ಕೋಳಿಸಾರನ್ನು ಸೂಪಿನಂತೆ ಕುಡಿದು, ನನ್ನ ಅರ್ಧ ಗಂಟೆ ಸಾರಿನಲ್ಲಿ ಮುಳುಗುತ್ತಿರುವಾಗಲೇ ಕೇಳಿದ, "ಮುಂದಿನ ಪಾಯಿಂಟ್‌ನಲ್ಲಿ ಮೀನು ಕೊಡ್ತಾರಾ ಸರ್?"

೪. ಬಾಗಿಲು ತೆರೆದ ಕಾರು

ಕೊನೆಯ ಅರ್ಧ ಕಿಲೋಮೀಟರ್ ಡಾಂಬರು ರಸ್ತೆ. ಓಟ ಮುಗಿಯುವ ಕಮಾನು ಕಾಣುತ್ತಿತ್ತು. ಹನ್ನೆರಡು ನಿಮಿಷ ಬಾಕಿ. ಕುಂಟಿಕೊಂಡು ಹೋದರೂ ಮುಟ್ಟುತ್ತಿದ್ದೆ. ಆಗ ಅಣ್ಣ ಕಾರಿನ ಬಾಗಿಲು ತೆರೆದು ಅಡ್ಡ ನಿಂತ.

"ಕಾರು ಹತ್ತು."

"ಬೇಡ, ಮುಗಿಯಿತು."

"ಮುಖ ನೋಡ್ಕೊಂಡಿದ್ದೀಯಾ? ಸಾಯ್ತಿಯಾ ಮಾರಾಯ? ಅಮ್ಮನಿಗೆ ಎಂತ ಹೇಳುದು ನಾನು?" ಅವನ ಕಣ್ಣಲ್ಲಿ ನೀರಿತ್ತು.

ಹುಟ್ಟಿದಂದಿನಿಂದ ಅವನು ನನ್ನ ಜೊತೆ ಹಾಗೆ ಮಾತಾಡಿದವನಲ್ಲ. ಊರಿನ ಅಷ್ಟೂ ಸ್ಕೂಟರುಗಳಿಗೆ ಬೇಡ ಎಂದವನು, ಆ ಕಣ್ಣೀರಿಗೆ ಸೋತು ಹತ್ತಿದೆ. ಅಣ್ಣ ಹಾರನ್ ಹೊಡೆಯುತ್ತಾ ಕಾರನ್ನು ಕಮಾನಿನೊಳಗೇ ನುಗ್ಗಿಸಿದ. ಪದಕ ಹಿಡಿದು ನಿಂತಿದ್ದ ಹುಡುಗಿ ಹಾರಿ ಬದಿಗೆ ಸರಿದಳು. ಸಂಘಟಕರು ನನ್ನ ಎದೆಯ ನಂಬರು ಬಿಚ್ಚಿಕೊಂಡರು. ನಾನು ಇಂಗು ತಿಂದ ಮಂಗನಂತೆ ಕೂತಿದ್ದೆ. ಅಣ್ಣ ನನ್ನ ಪರವಾಗಿ ಜಗಳಕ್ಕೇ ನಿಂತ, "ನಲವತ್ತೊಂಬತ್ತೂವರೆ ಓಡಿದ್ದಾನೆ ಅವ! ಅರ್ಧ ಕಿಲೋಮೀಟರಿಗೆ ಎಂತ ನಿಮ್ಮದು?" ಪದಕ ಸಿಗಲಿಲ್ಲ. ಆದರೆ ಆ ಒಂದು ಮಾತಿಗೆ ನಾನು ಎಲ್ಲವನ್ನೂ ಕ್ಷಮಿಸಿದೆ.

ಮುಂದಿನ ಭಾನುವಾರ ಕಾಟಿಪಳ್ಳದ ನೆಂಟರ ಮನೆಯಲ್ಲಿ ನಿಶ್ಚಿತಾರ್ಥದ ಊಟ. ಪಂಕ್ತಿಯಲ್ಲಿ ಅಣ್ಣ ನನ್ನ ಹೆಗಲಿಗೆ ಕೈ ಹಾಕಿದ. "ಅರ್ಧ ಕಿಲೋಮೀಟರ್ ಇರುವಾಗ ಬಿಟ್ಟ ನೋಡಿ. ಕೊನೆಗೆ ನಾನೇ ಕಾರಲ್ಲಿ ಕರ್ಕೊಂಡು ಬರ್ಬೇಕಾಯ್ತು."

ಎಲ್ಲರೂ ನಕ್ಕರು. ಕೈಯಲ್ಲಿದ್ದ ತುತ್ತನ್ನು ಎಲೆಗೇ ಹಾಕಿದೆ. ಎಲೆ ಬಿಟ್ಟು ಎದ್ದೆ.

ಹಿಂದಿನಿಂದ ಅಣ್ಣನ ದನಿ ಕೇಳಿತು, "ನೋಡಿದ್ರಾ? ಊಟವೂ ಅರ್ಧಕ್ಕೆ!"