ತಿಕೋಟಾದ ವರನ ಮೂಗು

ಚರ್ಮದ ಡಾಕ್ಟರ ಅತ್ತೆಯಾಗಿ ದವಾಖಾನೆಯ ಬಾಗಿಲಲ್ಲಿ ಕೂತವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಚಪ್ಪಲಿ ಹೊರಗೆ ಬಿಟ್ಟು, ಮುಖಕ್ಕೆ ಏನಾದರೊಂದು ಬಳಿದುಕೊಂಡು ಒಳಗೆ ಬರುತ್ತದೆ.

ನಾನು ಕುಂದಾಪುರದ ಕಡೆಯವಳು. ಯಜಮಾನರ ನೌಕರಿಯ ಹಿಂದೆ ವಿಜಯಪುರಕ್ಕೆ ಬಂದು ಇಲ್ಲಿಯೇ ಮುದುಕಿಯಾದೆ. ಸೊಸೆ ಅರಕೇರಿಯ ಹುಡುಗಿ. ಮನೆಯ ಮುಂದಿನ ಎರಡು ಕೋಣೆಯೇ ಅವಳ ದವಾಖಾನೆ. ಚೀಟಿ ಕೊಟ್ಟು ಹೆಸರು ಕೂಗುತ್ತಿದ್ದ ಹುಡುಗಿ ಮದುವೆಯಾಗಿ ಹೋದಾಗ, "ಎರಡ ದಿನ ನೀವ ಕೂಡ್ರಿ ಅತ್ತಿ" ಎಂದಳು ಸೊಸೆ. ಆ ಎರಡು ದಿನ ಇನ್ನೂ ಮುಗಿದಿಲ್ಲ.

ನನ್ನ ತಲೆಯ ಮೇಲೆ ಗೋಡೆಯಲ್ಲಿ "ಮುಖಕ್ಕೆ ಎಣ್ಣೆ ಹಚ್ಚಬಾರದು" ಎಂಬ ಫಲಕವಿದೆ. ಅದರ ಕೆಳಗೆ ತೆಂಗಿನೆಣ್ಣೆಯಲ್ಲಿ ಮಿಂಚುವ ನನ್ನ ಮುಖವಿದೆ. ಬಂದವರು ಫಲಕ ಓದುತ್ತಾರೆ, ನನ್ನನ್ನು ನೋಡುತ್ತಾರೆ. ಸೊಸೆಯ ವಿದ್ಯೆಯ ಮೇಲಿನ ಅವರ ನಂಬಿಕೆ ಅರ್ಧ ಅಲ್ಲಿಯೇ ಇಳಿದುಹೋಗುತ್ತದೆ. ಉಳಿದರ್ಧವನ್ನು ಅವಳು ಒಳಗೆ ಕೂತು ತಾನೇ ಇಳಿಸುತ್ತಾಳೆ, ಏಕೆಂದರೆ ಅವಳು ಹೇಳುವುದೆಲ್ಲ ತೀರಾ ಸುಲಭದ್ದು.

ಇಲ್ಲಿ ಬರೆದಿರುವುದು ಒಂದೇ ಮೂಗಿನ ಕತೆ. ಅದರ ಮನೆಯವರೇ ಇದನ್ನು ಊರೆಲ್ಲ ಹೇಳಿಕೊಂಡು ಓಡಾಡುತ್ತಿರುವುದರಿಂದ ನಾನು ಬರೆದರೆ ತಪ್ಪಿಲ್ಲ.

ಫೋಟೋದೊಳಗಿನ ಗಂಡಸು

ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ತಿಕೋಟಾದಿಂದ ಒಬ್ಬ ಹುಡುಗ ಬಂದ. ಹುಡುಗ ಎಂದರೆ ಮೂವತ್ತು ದಾಟಿದವನು. ಮದುವೆಯಾಗುವ ತನಕ ನಮ್ಮಲ್ಲಿ ಎಲ್ಲರೂ ಹುಡುಗರೇ. ಮನೆಯವರದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ಅವನ ಅವ್ವ ನನ್ನ ಪಕ್ಕದ ಬೆಂಚಿನಲ್ಲಿ ಕೂತು, ಕೇಳದಿದ್ದರೂ ಎಲ್ಲ ಹೇಳಿದರು.

"ಎಷ್ಟ ಹೆಣ್ಣ ನೋಡೀವಿ ಅಂತ ಕೇಳಬ್ಯಾಡ್ರಿ ಅಮ್ಮಾರ. ಎಲ್ಲಾರಿಗೂ ತೋಟ ಬೇಕು. ತೋಟದಾಗ ಇರಾಂವ ಬ್ಯಾಡ."

ಕೊನೆಗೆ ಬಬಲೇಶ್ವರದ ಒಂದು ಹುಡುಗಿ, ಶಾಲೆಯಲ್ಲಿ ಪಾಠ ಹೇಳುವವಳು, ಫೋಟೋ ನೋಡಿ ಆಗಬಹುದು ಎಂದಿದ್ದಳು. ಫೋಟೋ ನನಗೂ ತೋರಿಸಿದರು. ಹುಡುಗನ ಅಕ್ಕ ತನ್ನ ಫೋನಿನಲ್ಲಿ ತೆಗೆದದ್ದು. ಆ ಫೋನು ಮುಖಗಳನ್ನು ತಾನೇ ತೊಳೆದು, ಉಜ್ಜಿ, ಸುಣ್ಣ ಬಳಿದು ಕೊಡುವಂಥದು. ಮೀಸೆಯೊಂದು ಇಲ್ಲದಿದ್ದರೆ ಮೂಗು ಎಲ್ಲಿದೆ ಎಂದು ಹುಡುಕಬೇಕಿತ್ತು. ತಲೆಯೆತ್ತಿ ನಿಜವಾದ ಹುಡುಗನನ್ನು ನೋಡಿದೆ. ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಎಳ್ಳು ತಟ್ಟಿದ ಹಾಗೆ ಮೂಗಿನ ತುಂಬ ಕಪ್ಪು ಚುಕ್ಕೆ.

"ಮುಂದಿನ ತಿಂಗಳ ಹುಡುಗನ್ನ ಕರಕೊಂಡ ಬರ್ರಿ, ನೋಡತೀವಿ ಅಂದಾರ್ರಿ" ಎಂದರು ಅವ್ವ.

"ನೋಡಲಿ ಬಿಡಿ, ಹುಡುಗಿ ಒಪ್ಪಿದ್ದಾಳಲ್ಲ" ಎಂದೆ.

"ಆಕಿ ಒಪ್ಪಿದ್ದು ಫೋಟೋದಾಗಿನಾಂವಗರಿ. ಅಂವ ನಮ್ಮ ಮನ್ಯಾಗ ಇಲ್ಲ."

ಕೊನೆಯ ವರ್ಷದ ಪಾಠ

ಹೆಸರು ಕೂಗಿದಾಗ ಒಂದು ಮೂಗಿನ ಜೊತೆ ಏಳು ಜನ ಒಳಗೆ ಹೋದರು. ಸೊಸೆ ಬೆಳಕು ಹಿಡಿದು ನೋಡಿ ಹೇಳಿದಳು. "ಚರ್ಮದಾಗ ಸಣ್ಣ ಸಣ್ಣ ರಂಧ್ರ ಇರತಾವ. ಒಳಗಿನ ಜಿಡ್ಡು, ಸತ್ತ ಚರ್ಮ ಕೂಡಿ ಅವನ್ನ ಮುಚ್ಚಿಬಿಡತಾವ. ಮ್ಯಾಲ ಗಾಳಿ ತಾಕಿ ಕರ್ರಗ ಕಾಣತೈತಿ. ಹೊಲಸಲ್ಲ, ರೋಗಾನೂ ಅಲ್ಲ. ದಿನಕ್ಕ ಎರಡ ಸಲ ಹಗೂರಕ ಮುಖ ತೊಳಕೊ. ರಾತ್ರಿ ಈ ಮುಲಾಮು ಕಡ್ಲಿಕಾಳಿನಷ್ಟ ಹಚ್ಚು. ಹಿಚುಕಬ್ಯಾಡ, ಕೆರೀಬ್ಯಾಡ, ಎಣ್ಣಿ ಹಚ್ಚಬ್ಯಾಡ. ಮೂರ ತಿಂಗಳ ತಡಕೊ."

ಮೂರು ತಿಂಗಳು ಎಂದ ಕೂಡಲೇ ಏಳೂ ಮುಖ ಒಟ್ಟಿಗೆ ಇಳಿದವು.

"ಇಂಜೆಕ್ಷನ್ ಇಲ್ಲೇನ್ರಿ?" ಎಂದರು ಅವ್ವ.

"ಬ್ಯಾಡ್ರಿ."

"ಸಲಾಯಿನ್?"

"ಮೂಗಿಗೆ ಸಲಾಯಿನ್ ಹಚ್ಚೂದಿಲ್ರಿ."

"ಎಕ್ಸರೇ ಆದ್ರೂ ತಗೀರೆಲಾ. ಇಷ್ಟ ದೂರಿಂದ ಬಂದೀವಿ."

ಹೊರಗೆ ಬಂದ ಮೇಲೆ ಹುಡುಗನ ಕಾಕಾ ನನ್ನ ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು. "ಮುಖ ತೊಳಕೊ ಅಂತ ಹೇಳಾಕ ನಿಮ್ಮ ಸೊಸಿ ಅಷ್ಟ ವರ್ಷ ಓದ್ಯಾರೇನ್ರಿ ಅಮ್ಮಾರ?"

"ಹೌದು. ಮೊದಲೆಲ್ಲ ಬರೀ ನೀರು ಕಲಿಸುತ್ತಾರೆ. ಕೊನೆಯ ವರ್ಷ ಸಾಬೂನು" ಎಂದೆ.

ಕಾಕಾ ತಲೆಯಾಡಿಸಿ, "ಅದಕ್ಕ ಮತ್ತ" ಎಂದು ಹೋದರು.

ಬೆಂಚಿನ ಮೇಲಿನ ಡಾಕ್ಟರುಗಳು

ನಮ್ಮ ದವಾಖಾನೆಯಲ್ಲಿ ಒಳಗಿರುವ ಡಾಕ್ಟರು ಒಬ್ಬಳೇ. ಹೊರಗಿನ ಬೆಂಚಿನಲ್ಲಿ ಎಷ್ಟು ಜನ ಕೂತಿರುತ್ತಾರೋ ಅಷ್ಟೂ ಡಾಕ್ಟರುಗಳು. ಅವರು ಯಾರಿಗೂ ಮೂರು ತಿಂಗಳು ಎನ್ನುವುದಿಲ್ಲ, ಎಲ್ಲ ನಾಳೆ ಬೆಳಿಗ್ಗೆಗೇ ಗುಣ.

ತೊರವಿಯ ಹೆಣ್ಣುಮಗಳೊಬ್ಬಳು ಕೈಗೆ ಹುರುಕು ಎಂದು ಬಂದಿದ್ದಳು. ಹುಡುಗನಿಗೆ ಹಲ್ಲು ತಿಕ್ಕುವ ಪೇಸ್ಟು ಹಚ್ಚಲು ಹೇಳಿದಳು. "ಹಲ್ಲ ಬೆಳ್ಳಗ ಆಗತಾವ ಅಂದ್ರ ಮೂಗ್ಯಾಕ ಆಗೂದಿಲ್ಲ?" ಅವಳ ಹುರುಕು ಯಾಕಿನ್ನೂ ಹೋಗಿಲ್ಲ ಎಂದು ಯಾರೂ ಕೇಳಲಿಲ್ಲ.

ಕಾಖಂಡಕಿಯ ಅಜ್ಜನೊಬ್ಬ ಎದ್ದು ಬಂದು ಹುಡುಗನ ಗದ್ದ ಹಿಡಿದು ನೋಡಿದ. "ಎರಿ ಮಣ್ಣ ಮೆತ್ತಪಾ. ನಮ್ಮ ಎತ್ತಿನ ಮೂಗಿಗೆ ಹಚ್ಚಿದ್ನಿ. ಒಂದ ಚುಕ್ಕಿ ಕಾಣಲಿಲ್ಲ."

"ಎತ್ತಿಗೂ ಹೀಗೆ ಕಪ್ಪು ಚುಕ್ಕೆ ಇತ್ತೇನು ಅಜ್ಜ?" ಎಂದು ಕೇಳಿದೆ.

"ಎತ್ತ ಕರೀದ ಇತ್ತಬೇ" ಎಂದ ಅಜ್ಜ.

ಮೀಸೆಯ ಬಲಿ

ಹತ್ತು ಹನ್ನೆರಡು ದಿನವಾಗಿರಬೇಕು. ಹುಡುಗ ಮುಖಕ್ಕೆ ಟವೆಲು ಸುತ್ತಿಕೊಂಡು ಬಂದ. ಹಿಂದೆ ಅಕ್ಕ. ಅವಳ ನಡಿಗೆಯಲ್ಲೇ ಅಪರಾಧ ಮಾಡಿದವರ ಕಳೆ ಇತ್ತು.

ಆದದ್ದು ಇಷ್ಟು. ಮುಲಾಮು ನಾಲ್ಕು ದಿನ ಹಚ್ಚಿ ನೋಡಿದ್ದಾರೆ. ಮೂಗು ಫೋಟೋದ ಹಾಗೆ ಆಗಿಲ್ಲ. ಅಕ್ಕ ಫೋನಿನಲ್ಲಿ ಒಂದು ಇದ್ದಿಲಿನ ಲೇಪ ನೋಡಿದ್ದಾಳೆ. ಮುಖಕ್ಕೆ ಬಳಿಯುವುದು, ಒಣಗಿದ ಮೇಲೆ ಹಾಳೆಯ ಹಾಗೆ ಎಳೆಯುವುದು, ಎಲ್ಲ ಕಪ್ಪು ಬೇರು ಸಮೇತ ಬರುತ್ತದಂತೆ. ತರಿಸಿದ್ದಾಳೆ. ಮೂಗಿಗೆ ಹಚ್ಚು ಎಂದು ಬರೆದಿತ್ತು. ಉಳಿದದ್ದು ದಂಡವಾಗಬಾರದೆಂದು ಮೂಗಿನ ಕೆಳಗೂ ಹಚ್ಚಿದ್ದಾಳೆ. ತಿಕೋಟಾದ ಬಿಸಿಲಿನಲ್ಲಿ ಕೂರಿಸಿ ಒಣಗಿಸಿದ್ದಾಳೆ. ಒಣದ್ರಾಕ್ಷಿ ಮಾಡುವ ಮನೆಯವರು, ಒಣಗಿಸುವುದರಲ್ಲಿ ಕಡಿಮೆ ಮಾಡುತ್ತಾರೆಯೇ. ಆಮೇಲೆ ಒಂದು ತುದಿ ಹಿಡಿದು ಎಳೆದಿದ್ದಾಳೆ.

"ಬಂತ?" ಎಂದು ಕೇಳಿದಳು ಸೊಸೆ.

"ಬಂತ್ರಿ. ಕರೀದೆಲ್ಲಾ ಬಂತು."

ಹುಡುಗ ಟವೆಲು ಇಳಿಸಿದ. ಎಡಗಡೆಯ ಅರ್ಧ ಮೀಸೆ ಇರಲಿಲ್ಲ. ಮೂಗಿನ ಎಳ್ಳು ಹೆಚ್ಚುಕಡಿಮೆ ಹಾಗೇ ಇತ್ತು.

ಸೊಸೆ ಅಕ್ಕನಿಗೆ ಬಯ್ದು, ಉರಿ ಆರುವ ತನಕ ಏನೂ ಹಚ್ಚಬೇಡಿ, ಬರೀ ತಣ್ಣೀರಲ್ಲಿ ತೊಳೆಯಿರಿ ಎಂದು ಕಳಿಸಿದಳು. ಬಲಗಡೆಯ ಅರ್ಧವನ್ನು ಸಲೂನಿನವನು ತೆಗೆದ. ಸಂಜೆ ಅವ್ವ ನನಗೆ ಫೋನು ಮಾಡಿದರು. "ಫೋಟೋಕ್ಕ ಇವಗ ಮೀಸಿ ಒಂದ ಹೊಂದತಿತ್ರಿ ಅಮ್ಮಾರ. ಈಗ ಅದೂ ಹೋತು. ಅವರ ಮನಿಗೆ ಹೋಗಿ ಇವನ ಅಂವ ಅಂತ ಹೆಂಗ ಹೇಳ್ಲಿ? ಆಧಾರ್ ಕಾರ್ಡ್ ಒಯ್ಯಬೇಕಂತೀರಿ?"

"ಅದರಲ್ಲಿನ ಫೋಟೋ ನೋಡಿದ್ದೀರಾ?" ಎಂದೆ.

"ಬ್ಯಾಡ ಬಿಡ್ರಿ" ಎಂದರು ಅವ್ವ.

ಅರ್ಧ ತಾಸಿನ ಲೆಕ್ಕ

ಇಷ್ಟಕ್ಕೆ ನಿಂತಿದ್ದರೆ ಅವನೊಬ್ಬ ಸಾಮಾನ್ಯ ರೋಗಿ. ಹೆಣ್ಣಿನ ಮನೆಗೆ ಹೋಗಲು ಇನ್ನು ಮೂರು ದಿನವಿದೆ ಎನ್ನುವಾಗ ಮತ್ತೆ ಬಂದ. ಈ ಸಲ ಟವೆಲು ಸುತ್ತುವ ಸ್ಥಿತಿಯೂ ಇರಲಿಲ್ಲ, ಬಟ್ಟೆ ತಾಕಿದರೆ ಉರಿಯುತ್ತಿತ್ತು. ಮೂಗು, ಕೆನ್ನೆ ಎರಡೂ ಕೆಂಪಗಾಗಿ, ಸುಕ್ಕುಗಟ್ಟಿ, ಅಲ್ಲಲ್ಲಿ ಸಿಪ್ಪೆ ಎದ್ದಿದ್ದವು. ನನಗಿಂತ ಹತ್ತು ವರ್ಷ ದೊಡ್ಡವನ ಹಾಗೆ ಕಾಣುತ್ತಿದ್ದ.

"ಏನ ಹಚ್ಚಿದಿ ಖರೇ ಹೇಳು" ಎಂದಳು ಸೊಸೆ.

ಅವನು ಬಹಳ ಶಾಂತವಾಗಿ ವಿವರಿಸಿದ. "ದ್ರಾಕ್ಷಿ ಸಿಪ್ಪಿ ಮ್ಯಾಲ ಮೇಣ ಇರತೈತ್ರಿ ಡಾಕ್ಟರ್. ಅದು ತೂತ ಮುಚ್ಚಿರತೈತಿ, ಒಳಗಿನ ನೀರ ಹೊರಗ ಬರಾಕ ಬಿಡಂಗಿಲ್ಲ. ಅದಕ ನಾವು ಒಣಗ್ಸಾಕ ಹಾಕೂಕಿಂತ ಮೊದಲ ಪುಡಿ, ಎಣ್ಣಿ ಕಲಿಸಿದ ನೀರಾಗ ಅದ್ದತೀವಿ. ಮೇಣ ಬಿಟ್ಟು ತೂತ ತೆರೀತಾವ. ನೀವೂ ಅದನ್ನ ಹೇಳಿದ್ರೆಲಾ, ತೂತ ಮುಚ್ಯಾವ, ತೆರೀಬೇಕು ಅಂತ?"

ವಾದದಲ್ಲಿ ತಪ್ಪೇನೂ ಇರಲಿಲ್ಲ. ಮುಖ ದ್ರಾಕ್ಷಿಯಲ್ಲ ಎಂಬುದೊಂದೇ ಬಿಟ್ಟುಹೋಗಿತ್ತು.

"ದ್ರಾಕ್ಷಿ ಎಷ್ಟೊತ್ತು ಅದ್ದತೀರಿ?" ಎಂದು ಕೇಳಿದಳು ಸೊಸೆ.

"ಒಂದೆರಡ ಮಿನಿಟ್ರಿ."

"ಮುಖಕ್ಕ ಎಷ್ಟೊತ್ತು ಇಟ್ಟಿ?"

"ದ್ರಾಕ್ಷಿ ಸಿಪ್ಪಿ ತೆಳ್ಳಗ ಇರತೈತ್ರಿ. ನನ್ನ ತೊಗಲ ದಪ್ಪ. ಲೆಕ್ಕ ಹಾಕಿ ಅರ್ಧಾ ತಾಸ ಇಟ್ಟೆ."

ಬಬಲೇಶ್ವರದ ಕಿಟಕಿ

ಸೊಸೆ ಉರಿ ಆರುವ ಮುಲಾಮು ಕೊಟ್ಟಳು, ಚೆನ್ನಾಗಿ ಬಯ್ದಳು, ವಾರದಲ್ಲಿ ಹೊಸ ಚರ್ಮ ಬರುತ್ತದೆ ಎಂದಳು. ಆದರೆ ಹೋಗುವುದು ಮೂರು ದಿನಕ್ಕೆ. ಮುಂದೂಡಿದರೆ ಹುಡುಗಿಯ ಮನೆಯವರು ಬೇರೆ ವರನನ್ನು ನೋಡುತ್ತಾರೆ. ಈ ಮುಖ ಹೊತ್ತು ಹೋದರೆ ಚರ್ಮರೋಗ ಎನ್ನುತ್ತಾರೆ. ರೋಗ ಎಂಬ ಮಾತು ಒಮ್ಮೆ ಎದ್ದರೆ ಸುತ್ತಲಿನ ಯಾವ ಊರಿನಲ್ಲೂ ಅವನಿಗೆ ಹೆಣ್ಣಿಲ್ಲ. ಅವ್ವ ನನ್ನ ಕೈ ಹಿಡಿದರು. "ನೀವ ಬಂದು ಒಂದ ಮಾತ ಹೇಳ್ರಿ ಅಮ್ಮಾರ, ರೋಗ ಅಲ್ಲಂತ. ಡಾಕ್ಟರ್ ಅತ್ತಿ ಹೇಳಿದ್ರ ನಂಬತಾರ."

ಸೊಸೆಗೆ ದವಾಖಾನೆ ಬಿಟ್ಟು ಬರಲಾಗದು. "ಹೋಗಿ ಬರ್ರಿ ಅತ್ತಿ. ಸುಳ್ಳ ಹೇಳಬ್ಯಾಡ್ರಿ. ಖರೇನೂ ಕೇಳಿದಷ್ಟ ಹೇಳ್ರಿ" ಎಂದಳು.

ಹೀಗೆ ನಾನು ಒಂದು ಮುಖದ ಸಾಕ್ಷಿಯಾಗಿ ಬಬಲೇಶ್ವರಕ್ಕೆ ಹೋದೆ.

ಹುಡುಗಿಯ ಮನೆಯವರದೂ ದ್ರಾಕ್ಷಿ ತೋಟ. ಅಪ್ಪ ಮಾತು ಕಡಿಮೆಯ, ಎತ್ತರದ ಮನುಷ್ಯ. ಗೋಡೆಗೆ ಒರಗಿ ಕೂತು ಹುಡುಗನನ್ನೇ ನೋಡುತ್ತಿದ್ದರು. ನಮ್ಮ ಕಡೆಯವರೆಲ್ಲ ನೆಲ ನೋಡುತ್ತಿದ್ದರು. ಅವಲಕ್ಕಿ ಬಂತು. ಹುಡುಗನಿಗೆ ಬಾಯಿ ಅಗಲಿಸಿದರೆ ಕೆನ್ನೆ ಎಳೆಯುತ್ತಿದ್ದುದರಿಂದ ಒಂದೊಂದೇ ಕಾಳು ತಿನ್ನುತ್ತಿದ್ದ. ಸಂಕೋಚದ ಹುಡುಗ ಎಂದುಕೊಂಡರು ಆ ಕಡೆಯ ಹೆಂಗಸರು.

ಹುಡುಗಿ ಚಹಾ ತಂದಳು. ತಟ್ಟೆ ಇಟ್ಟು ಹುಡುಗನ ಎದುರಿಗೇ ಕೂತು, ಅವನನ್ನು ನೇರವಾಗಿ ನೋಡಿ ಕೇಳಿದಳು. "ಫೋಟೋದಾಗ ಇದ್ದಾಂವ ನಿಮ್ಮ ತಮ್ಮ ಏನ್ರಿ?"

ಅವ್ವ ನನ್ನ ತೊಡೆ ಚಿವುಟಿದರು. ನಾನು ಗಂಟಲು ಸರಿಮಾಡಿಕೊಂಡು, "ಇದು ರೋಗವಲ್ಲಮ್ಮ" ಎಂದೆ.

"ಮತ್ತೇನ್ರಿ?" ಎಂದಳು ಹುಡುಗಿ.

ಕೇಳಿದಷ್ಟೇ ಹೇಳಬೇಕಲ್ಲ. "ದಡ್ಡತನ" ಎಂದೆ.

ಅವ್ವ ಇನ್ನೊಮ್ಮೆ ಚಿವುಟಿದರು. ಆದರೆ ಅಷ್ಟರಲ್ಲಿ ಹುಡುಗನೇ ಶುರುಮಾಡಿದ್ದ. ಫೋನು ಮುಖ ತೊಳೆದದ್ದು, ಇದ್ದಿಲಿನ ಲೇಪ, ಮೀಸೆ, ಕೊನೆಗೆ ದ್ರಾಕ್ಷಿ ಅದ್ದುವ ನೀರು, ಒಂದನ್ನೂ ಬಿಡದೆ ಹೇಳಿದ. ಮುಖದಲ್ಲಿ ನಗೆಯಿಲ್ಲ. ನಗಲು ಚರ್ಮ ಬಿಡುತ್ತಿರಲಿಲ್ಲ.

"ಹಚ್ಚಿಕೊಳ್ಳೂಕಿಂತ ಮೊದಲ ಡಬ್ಬಿ ಮ್ಯಾಲ ಬರದದ್ದ ಓದ್ಲಿಲ್ಲೇನ್ರಿ?" ಎಂದಳು ಹುಡುಗಿ, ಮೇಷ್ಟರ ದನಿಯಲ್ಲಿ.

"ಓದೀನ್ರಿ. ಮುಖಕ್ಕ ಹಚ್ಚಬ್ಯಾಡ್ರಿ ಅಂತ ಎಲ್ಲೂ ಬರದಿರಲಿಲ್ಲ."

ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಒಳಗಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ ತಿಳಿಯಲಿಲ್ಲ. ಹುಡುಗನ ಅವ್ವ ಕಣ್ಣು ಮುಚ್ಚಿದರು. ಕಾಕಾ ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ಬಾಗಿಲ ಕಡೆ ನೋಡತೊಡಗಿದರು.

ಹುಡುಗಿಯ ತಾಯಿ ಹೊರಗೆ ಬಂದರು. "ಆಕಿ ಹೂಂ ಅಂತಾಳ್ರಿ. ಬಂದವರೆಲ್ಲಾ ಬರೇ ದೊಡ್ಡಸ್ತನ ಹೇಳಿ ಹೋದ್ರು, ಇವರೊಬ್ಬರು ಮಾತ್ರ ಕೇಳಿದ್ದಕ್ಕ ಖರೇ ಹೇಳ್ಯಾರ ಅಂತ. ಆದ್ರ ಅವರಪ್ಪ ಹೂಂ ಅನ್ನಬೇಕು."

ಎಲ್ಲರೂ ಅಪ್ಪನ ಕಡೆ ತಿರುಗಿದೆವು. ಅವರು ಎದ್ದರು. ಹುಡುಗನ ಹತ್ತಿರ ಬಂದು, ತೋಳು ಹಿಡಿದು ಎಬ್ಬಿಸಿ, ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋದರು. ಗದ್ದ ಹಿಡಿದು ಆ ಕಡೆ ತಿರುಗಿಸಿ ನೋಡಿದರು, ಈ ಕಡೆ ತಿರುಗಿಸಿ ನೋಡಿದರು. ಕೆನ್ನೆಯ ಸುಕ್ಕನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ಹುಡುಗನ ಅವ್ವ ಮೂರನೆಯ ಸಲ ನನ್ನ ತೊಡೆ ಚಿವುಟಿದರು.

"ಹಚ್ಚಿ ಎಷ್ಟ ದಿನ ಆತು?" ಎಂದು ಕೇಳಿದರು.

"ನಾಕ ದಿನ ಆತ್ರಿ" ಎಂದ ಹುಡುಗ.

"ನಾಕ ದಿನಕ್ಕ ಇಷ್ಟ ಒಣಗೇತಿ?"

"ಹೌದ್ರಿ."

ಅಪ್ಪ ಗದ್ದ ಬಿಟ್ಟು, ಒಳಗಿನವರಿಗೆ ಕೇಳುವ ಹಾಗೆ "ಸಕ್ಕರಿ ತರ್ರಿ, ಎಲ್ಲಾರ ಬಾಯಿ ಸೀ ಮಾಡ್ರಿ" ಎಂದರು. ಆಮೇಲೆ ಅವನ ಹೆಗಲ ಮೇಲೆ ಕೈ ಹಾಕಿ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ದನಿ ಇಳಿಸಿ ಕೇಳಿದರು.

"ನಮ್ಮ ಶೆಡ್ಡಿನಾಗ ಹದಿನೈದ ದಿನ ಆದ್ರೂ ದ್ರಾಕ್ಷಿ ಹಸೀನ ಇರತೈತಿ. ನೀವು ಅದ್ದೂ ಎಣ್ಣಿ ಯಾವ ಅಂಗಡಿದು, ಅಳಿಯಂದ್ರ?"