ತೊಳೆದ ಉಣ್ಣೆ

ಕಳೆದ ಮಂಗಳವಾರ ವುಕೋತ ತೀರಿಕೊಂಡ. ಎಪ್ಪತ್ತೆರಡು ವರ್ಷ. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ಅವನ ಪೆಟ್ಟಿಗೆಗೆ ಹೆಗಲು ಕೊಟ್ಟು ಬಂದ ರಾದೂನ್ ಮೂರು ದಿನ ಮನೆಯಿಂದ ಹೊರಬೀಳಲಿಲ್ಲ. ನಾಲ್ಕನೆಯ ದಿನ ಹೊರಬಿದ್ದಾಗ ಹೇಳಿದ್ದು ಗೋಡೆಯ ಕತೆ. ಅರ್ಧ ಹೇಳುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅವರಿಬ್ಬರೂ ಕೂಮರು. ಒಬ್ಬನ ಮದುವೆಗೆ ಇನ್ನೊಬ್ಬ ಸಾಕ್ಷಿ ನಿಂತರೆ ಹುಟ್ಟುವ ನಂಟು ಅದು. ದುರ್ಮಿತೋರ್ ಬೆಟ್ಟದ ಕಡೆ ಒಡಹುಟ್ಟಿದವನ ಮಾತನ್ನು ತೆಗೆದುಹಾಕಬಹುದು, ಕೂಮನ ಮಾತನ್ನು ತೆಗೆದುಹಾಕುವ ಹಾಗಿಲ್ಲ.

ರಾದೂನ್ ನಲವತ್ತು ವರ್ಷ ಕಚೇರಿಯಲ್ಲಿ ಕೂತು ಬೆಂಕಿಪೊಟ್ಟಣದಂಥ ಮನೆಗಳ ನಕ್ಷೆ ಬರೆದವನು. ನಿವೃತ್ತನಾದ ಮರುದಿನವೇ ಹೆಂಡತಿ ಸ್ತಾಮೆನಾಳ ಮುಂದೆ ಘೋಷಣೆ ಹೊರಡಿಸಿದ: ಬೆಟ್ಟದ ನೆತ್ತಿಯ ಕೆಳಗೆ, ಸ್ಕೀ ಕಟ್ಟಿಕೊಂಡು ಬಾಗಿಲಿನಿಂದಲೇ ಜಾರಿ ಹೊರಡುವಂಥ ಒಂದು ಮನೆ ಕಟ್ಟುತ್ತೇನೆ. ಬಂಡೆ ಒಡೆಯುವುದಿಲ್ಲ, ಹಸಿಮರ ಕಡಿಯುವುದಿಲ್ಲ, ವಿದ್ಯುತ್ ತಂತಿ ಎಳೆಯುವುದಿಲ್ಲ. ನಾಳೆ ಆ ಮನೆ ಕಿತ್ತರೆ ಅಲ್ಲಿ ಹುಲ್ಲು ಬೆಳೆಯಬೇಕು, ಇತಿಹಾಸಕಾರನಿಗೆ ಒಂದು ಮೊಳೆಯೂ ಸಿಗಬಾರದು!

ನಕ್ಷೆಯೇನೋ ಬಲು ಚೆನ್ನಾಗಿತ್ತು. ಹಿಮ ನಿಲ್ಲದಂತೆ ನೆಲದವರೆಗೂ ಇಳಿದ ಕಡಿದಾದ ಮಾಡು, ಗಾಳಿಗೆ ಬೆನ್ನು, ಬಿಸಿಲಿಗೆ ಮುಖ, ಗಾಳಿಗೆ ಉರುಳಿದ ಮರಗಳದೇ ಹಲಗೆ. ಎರಡು ಸಾಲು ಹಲಗೆಯ ನಡುವೆ ಚಳಿ ತಡೆಯಲು ಕುರಿಯ ಉಣ್ಣೆ. ಉಣ್ಣೆಯನ್ನು ಆ ಕಡೆ ಯಾರೂ ಕೊಳ್ಳುವುದಿಲ್ಲ, ಕುರಿಗಾಹಿಗಳು ಕೊರಕಲಿಗೆ ಸುರಿಯುತ್ತಾರೆ. ವುಕೋತನ ಕೊಟ್ಟಿಗೆಯಲ್ಲಿ ಅರವತ್ತು ಕುರಿಗಳ ಮೂರು ವರ್ಷದ ಉಣ್ಣೆ ಬಿದ್ದಿತ್ತು. ರಾದೂನ್ ನಕ್ಷೆಯ ಅಂಚಿನಲ್ಲಿ ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ: ‘ತೊಳೆದ ಉಣ್ಣೆ’. ಯಾರು ತೊಳೆದ ಉಣ್ಣೆ ಎಂದು ಬರೆಯಲಿಲ್ಲ. ಆ ನಾಡಿನಲ್ಲಿ ಕತ್ತರಿಸುವವರು ಗಂಡಸರು, ತೊಳೆಯುವವರು ಹೆಂಗಸರು. ವುಕೋತನಿಗೆ ಹೆಂಡತಿ ಇಲ್ಲ, ರಾದೂನನ ಹೆಂಡತಿಯನ್ನು ಯಾರೂ ಕೇಳಲಿಲ್ಲ.

ಸ್ತಾಮೆನಾಗೆ ಬೆಟ್ಟದ ಮೇಲೆ ಚಳಿಗಾಲ ಕಳೆಯುವುದು ಬೇಡವಾಗಿತ್ತು. ಆದರೂ ಒಂದು ಅವಕಾಶ ಕೊಟ್ಟಳು. ಡಿಸೆಂಬರಿನಲ್ಲಿ ಬರುವ ಮನೆದೇವರ ಹಬ್ಬ, ಸಂತ ನಿಕೋಲನದು, ಈ ಸಲ ಅಲ್ಲೇ ನಡೆಯಲಿ. ನೆಂಟರ ಮುಂದೆ ತಾನು ತಲೆ ತಗ್ಗಿಸುವಂತಾಗದಿದ್ದರೆ ಚಳಿಗಾಲಕ್ಕೆಲ್ಲ ಬರುತ್ತೇನೆ. ತಗ್ಗಿಸುವಂತಾದರೆ, ನೀನೂ ನಿನ್ನ ಬೆಟ್ಟವೂ ಸುಖವಾಗಿರಿ. ಅವಳಿಲ್ಲದ ಮನೆಯ ನಕ್ಷೆ ರಾದೂನನಿಗೆ ಬರೆಯಲು ಬರುತ್ತಿರಲಿಲ್ಲ. ಒಪ್ಪಿದ. ಹಿಮ ಬೀಳುವ ಮುಂಚೆ ಮನೆ ಎದ್ದಿತು, ನಕ್ಷೆ ನೋಡಿ ಗೋಡೆಗೆ ಉಣ್ಣೆ ತುಂಬಿದವನು ವುಕೋತ.

ಆ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಉಪವಾಸದ ತಿಂಗಳಾದ್ದರಿಂದ ಮಾಂಸ ಕೂಡದು, ಮೀನೇ ಊಟ. ಇಪ್ಪತ್ತಾರು ಜನ ಸ್ಕೀ ಕಟ್ಟಿಕೊಂಡು ಬಂದು ತುಂಬಿದರು. ಒಲೆ ಕೆಂಪಾಯಿತು, ಮೇಣದಬತ್ತಿ ಉರಿಯಿತು, ಗೋಡೆ ಬೆಚ್ಚಗಾಗಿ ಬೆವರಿತು. ಮೆಲ್ಲಗೆ, ಭವ್ಯವಾಗಿ, ಮೂರು ವರ್ಷದ ಅರವತ್ತು ಕುರಿಗಳು ಗಾಳಿಯಲ್ಲಿ ಎದ್ದು ನಿಂತವು. ಉಣ್ಣಲು ಬಂದವರಿಗೆ ಮೊದಲು ಸಿಕ್ಕಿದ್ದು ಉಣ್ಣೆ!

ಪಾದ್ರಿಗಳು ಮಂತ್ರ ನಿಲ್ಲಿಸಿ ಮೂಗು ಎತ್ತಿದರು.

“ರಾದೂನ್, ಉಪವಾಸದ ದಿನ ಒಲೇಲಿ ಕುರಿ ಇಟ್ಟಿದೀಯಾ?”

“ಮೀನು, ಪಾದ್ರಿಗಳೇ.”

“ಹಾಗಾದ್ರೆ ಇದು ಬ್ಯಾ ಅನ್ನೋ ಜಾತಿ ಮೀನು.”

ಒಲೆಯ ಬಾಗಿಲು ತೆಗೆದು ತೋರಿಸಿದ್ದಾಯಿತು. ಪಾತ್ರೆ ಮುಚ್ಚಳ ಎತ್ತಿದ್ದಾಯಿತು. ಹೆಂಗಸರು ಮಂಚದ ಕೆಳಗೂ ಬಗ್ಗಿ ನೋಡಿದರು. ಸ್ತಾಮೆನಾಳ ಕಿವಿ ಕೆಂಪಾಗುತ್ತ ಹೋದವು. ಮುನಿಸಿಕೊಂಡ ಒಬ್ಬ ಚಿಕ್ಕಪ್ಪ ಹೊರಟೇಬಿಡುತ್ತೇನೆಂದು ಬಾಗಿಲು ತೆಗೆದರೆ, ಹೊಸ್ತಿಲಿಗೆ ಅಡ್ಡವಾಗಿ ವುಕೋತನ ಕುರಿನಾಯಿ ಶಾರೋವ್ ಮಲಗಿದೆ. ವಾಸನೆ ಹಿಡಿದು ಬಂದು, ಮನೆಯನ್ನು ಮೂರು ಸುತ್ತು ಹಾಕಿ, ಇದೂ ತನ್ನದೇ ಮಂದೆ ಎಂದು ತೀರ್ಮಾನಿಸಿಬಿಟ್ಟಿತ್ತು. ಚಿಕ್ಕಪ್ಪನನ್ನು ತಲೆಯಿಂದ ತಳ್ಳಿ ಒಳಗೆ ಸೇರಿಸಿತು. ಅವನ ಹಿಂದೆ, ಬೇರೆ ಅವಸರದಲ್ಲಿ ಹೊರಗೆ ಹೋದ ಇಬ್ಬರನ್ನೂ ಅಟ್ಟಿಕೊಂಡು ಬಂತು.

ಅಷ್ಟರಲ್ಲಿ ವುಕೋತ ಚೀಲದಲ್ಲಿ ಪ್ಲಮ್ ಹಣ್ಣಿನ ಸಾರಾಯಿ ಹೊತ್ತು ಬಂದ. ಒಳಗೆ ಬಂದವನೇ ಮೂಗು ಅರಳಿಸಿದ. ಚಾಕು ತೆಗೆದು ಒಲೆಯ ಹಿಂದಿನ ಹಲಗೆ ಎಬ್ಬಿಸಿದ. ಹಿಕ್ಕೆ, ಮುಳ್ಳು, ಜಿಡ್ಡಿನ ಸಮೇತ ಒಂದು ರಾಶಿ ಪಾದ್ರಿಗಳ ನಿಲುವಂಗಿಯ ಮೇಲೆ ಬಿತ್ತು.

“ನೀನು ತೊಳೆಸಿರ್ತೀಯ ಅಂದ್ಕೊಂಡಿದ್ದೆ,” ಎಂದ ರಾದೂನ್.

“ತೊಳೆದ ಉಣ್ಣೆ ಅಂತ ನೀನೇ ಬರೆದಿದ್ಯಲ್ಲ ಕೂಮ. ಓದಿದೆ, ನಂಬಿದೆ.”

ಮೊದಲು ನಕ್ಕವರು ಪಾದ್ರಿಗಳು. ಆಮೇಲೆ ಮಾಡು ಹಾರುವಷ್ಟು ನಗೆ. ಶಾರೋವ್ ಯಾರನ್ನೂ ಬಿಡಲೊಲ್ಲದ ಕಾರಣ ಹಬ್ಬ ಕತ್ತಲಾಗುವವರೆಗೂ ನಡೆಯಿತು. ಹಾಡಾಯಿತು, ಸಾರಾಯಿ ಮುಗಿಯಿತು, ಚಿಕ್ಕಪ್ಪ ಮೂರು ಸಲ ಬಡಿಸಿಕೊಂಡ. ಇಷ್ಟು ಸೊಗಸಾದ ಹಬ್ಬ ಕಂಡಿಲ್ಲ ಎಂದರು ಎಲ್ಲರೂ. ಸ್ತಾಮೆನಾ ಕೊನೆಯ ತಟ್ಟೆ ತೊಳೆದಿಟ್ಟು, ತಲೆವಸ್ತ್ರ ಬಿಗಿದುಕೊಂಡಳು.

“ಈ ಗೋಡೆಗೆ ತೊಳೆದದ್ದು ತುಂಬಿದ ದಿನ ಬರ್ತೀನಿ. ತೊಳೆಯೋದು ನಾನಲ್ಲ.”

ರಾದೂನ್ ಆ ಚಳಿಗಾಲವನ್ನು ಹಲಗೆ ಕಿತ್ತು ಮೂರೂವರೆ ಗೋಡೆ ಉಳಿದ ಮನೆಯಲ್ಲಿ ಒಬ್ಬನೇ ಕಳೆದ. ಹಗಲೆಲ್ಲ ಜಾರುವುದು, ಸಂಜೆ ಸೂಪು ಕಾಯಿಸಿ ಎದುರಿನ ಖಾಲಿ ಕುರ್ಚಿಗೆ ಹಿಮದ ಗುಣ ವರ್ಣಿಸುವುದು. ವಸಂತದಲ್ಲಿ ಒಮ್ಮೆ ಆ ಉಣ್ಣೆಯ ಮೂಟೆ ಹೊತ್ತು ಹೊಳೆಯ ತನಕ ಹೋದದ್ದೂ ಉಂಟು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಅವನು ಮೂಟೆಯ ಮೇಲೆ ಕೂತು ಮೀನು ನೋಡಲು ಬಂದವನಂತೆ ನಟಿಸಿ ಮರಳಿದ. ವುಕೋತನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. ಮೂಟೆ ಇಲ್ಲೇ ಇಟ್ಟು ಹೋಗು ಎಂದ, ಅಷ್ಟೇ.

ಈಗ ವುಕೋತನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ಗಂಡ ಹೆಂಡತಿ ಕುರಿಗಳನ್ನು ನೋಡಲು ಅವನ ದೊಡ್ಡಿಗೆ ಹೋದರು. ಬೇಲಿಯ ಉದ್ದಕ್ಕೂ ಬೆಳ್ಳಗೆ ಉಣ್ಣೆ ಹರವಿತ್ತು. ಸ್ತಾಮೆನಾ ಒಂದು ಪದರವನ್ನು ಎತ್ತಿದಳು. ಅದು ಮಡಚಲಿಲ್ಲ, ಬಾಗಿಲಿನಂತೆ ನೆಟ್ಟಗೆ ನಿಂತಿತು.

“ಕುದಿಯೋ ನೀರಿಗೆ ಹಾಕಿದಾನೆ, ಪುಣ್ಯಾತ್ಮ. ಗಂಟುಗಟ್ಟಿ ಕಂಬಳಿಯಾಗಿಹೋಗಿದೆ,” ಎಂದು ನಕ್ಕಳು. ನಕ್ಕದ್ದು ಅಳುವಾಯಿತು, ಮತ್ತೆ ನಗುವಾಯಿತು. “ಇರ್ಲಿ. ಹೀಗೇ ಹೊಡಿ ಗೋಡೆಗೆ. ನಾನು ಬರ್ತೀನಿ.”

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ, ವುಕೋತ ಹೊಳೆಯ ದಂಡೆಯಲ್ಲಿ, ಊರ ಹೆಂಗಸರೆಲ್ಲ ನೋಡುತ್ತಿರುವಂತೆ, ತೋಳು ಮಡಚಿ ದಿನವಿಡೀ ಕಡಾಯಿ ಕಲಕಿದನಂತೆ. ಮಂಗಳವಾರ ಬೆಳಿಗ್ಗೆ ಪಕ್ಕದ ದೊಡ್ಡಿಯವರು ಕಂಡಾಗ ಬೇಲಿಯ ಹತ್ತಿರ ಇದ್ದ. ಉಣ್ಣೆಯ ಒಂದೊಂದು ಪದರವನ್ನೇ ಮೂಗಿಗೆ ಹಿಡಿದು, ಉಸಿರು ಎಳೆದು ನೋಡಿ, ಒದ್ದೆಯ ಮಗ್ಗುಲನ್ನು ಬಿಸಿಲಿಗೆ ತಿರುಗಿಸಿ ಹಾಕುತ್ತಿದ್ದ.