ಹಸಿರು ಮೊಹರು

ರಗಳೆ ಶುರುವಾದದ್ದು ಕೆಂಪು ಮೊಹರಿನ ಶಾಯಿ ಒಣಗಿದ್ದರಿಂದ.

ಸಿನಿಮಾಗಳನ್ನು ಮೊದಲೇ ನೋಡಿ, ಯಾರಿಗೆ ತೋರಿಸಬಹುದು, ಯಾರಿಗೆ ತೋರಿಸಬಾರದು ಎಂದು ತೀರ್ಮಾನಿಸುವ ಕಚೇರಿ ಅದು. ಮೇಲಿನ ಮಹಡಿಯಲ್ಲಿ ಮಕ್ಕಳ ವಿಭಾಗ, ನೆಲಮಾಳಿಗೆಯಲ್ಲಿ ದೆವ್ವದ ವಿಭಾಗ. ಮಕ್ಕಳ ವಿಭಾಗದ ಮೇಜಿನ ಮೇಲೆ ಎರಡು ಮೊಹರು. ಹಸಿರಿನದು ‘ಎಲ್ಲ ಮಕ್ಕಳಿಗೂ’, ಕೆಂಪಿನದು ‘ಮಕ್ಕಳಿಗೆ ಬೇಡ’. ಕೆಂಪಿನ ಹಿಡಿ ಒತ್ತಿ ಒತ್ತಿ ಸವೆದುಹೋಗಿತ್ತು. ಹಸಿರಿನದು ಇನ್ನೂ ಪ್ಲಾಸ್ಟಿಕ್ ಹೊದಿಕೆಯಿಂದ ಹೊರಗೇ ಬಂದಿರಲಿಲ್ಲ. ಕಾರಣ ಇಷ್ಟೇ, ಆ ಮೇಜಿನ ಅಧಿಕಾರಿ ಮಹಾ ಪುಕ್ಕಲ. ಕಚೇರಿಯವರೆಲ್ಲ ಅವನನ್ನು ಪುಕ್ಕಲರಾಯ ಎಂದೇ ಕರೆಯುತ್ತಿದ್ದರು, ಕೆಲವರು ಎದುರಿಗೇ. ಮನೆಯಲ್ಲಿ ರಾತ್ರಿಯಿಡೀ ದೀಪ ಉರಿಯುವುದು ಮಗಳಿಗಾಗಿ ಎಂದು ಅವನು ನೆರೆಯವರಿಗೆ ಹೇಳಿದ್ದ. ಮಗಳು ಪಾಪ, ಆ ಬೆಳಕಿಗೆ ನಿದ್ದೆ ಬಾರದೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು.

ಶಾಯಿ ಕೇಳಲು ಹೋದವನನ್ನು ಕಚೇರಿಯ ಮುಖ್ಯಸ್ಥೆ ಮೇಡಂ ಮೇಲಿಂದ ಕೆಳಗೆ ನೋಡಿದರು.

“ಮತ್ತೆ ಶಾಯಿನಾ? ಏನ್ರೀ, ಕುಡೀತೀರಾ ಅದನ್ನ? ಹೋದ ವಾರ ಬಾತುಕೋಳಿ ಕತೆಗೂ ಕೆಂಪು ಹೊಡೆದ್ರಲ್ಲ, ಯಾಕೆ?”

“ಅದು ನೀರಿನ ಕೆಳಗಿಂದ ತಟಕ್ಕನೆ ಮೇಲೆ ಬಂತು ಮೇಡಂ.”

“ಬಾತುಕೋಳಿ ಇನ್ನೆಲ್ಲಿಂದ ಬರ್ಬೇಕಿತ್ರೀ! ನೋಡಿ, ಇವತ್ತು ಹೊಸ ಸಾಹಸದ ಸರಣಿ ಬರ್ತಿದೆ. ಒಬ್ಬಳು ಹುಡುಗಿ, ಮಾಯಾಕಾಡು, ಹಾರೋ ಆಮೆ. ಮಕ್ಕಳಿಗೆ ಆಗಲ್ಲ ಅನ್ಸಿದ್ರೆ ಬೇಡ ಅನ್ನಿ. ನಿಮಗಾಗಲ್ಲ ಅಂತ ಬೇಡ ಅನ್ಬೇಡಿ. ಇವತ್ತೂ ಹೆದರಿ ಕೆಂಪು ಒತ್ತಿದ್ರೋ, ನೆಲಮಾಳಿಗೆಗೆ ಹಾಕ್ತೀನಿ. ಅಲ್ಲಿರೋ ಗಟ್ಟಿಗ ಮೇಲೆ ಬರ್ಲಿ.”

ನೆಲಮಾಳಿಗೆ ಎಂದೊಡನೆ ಪುಕ್ಕಲರಾಯ ಶಾಯಿಯ ಮಾತನ್ನೇ ಮರೆತ. ಅಲ್ಲಿ ಕಿಟಕಿಯೇ ಇಲ್ಲ. ದಿನವಿಡೀ ದೆವ್ವಗಳ ಜೊತೆ ಒಬ್ಬನೇ ಕೂರಬೇಕು.

ಸುದ್ದಿ ಕಚೇರಿಯೆಲ್ಲ ಹಬ್ಬಿತು. ಬಿಟ್ಟಿ ಸಲಹೆಗೇನು ಬರ? ಟೈಪಿಸ್ಟ್ ಅಕ್ಕ ಪೆಪ್ಪರಮಿಂಟಿನ ಪೊಟ್ಟಣ ಕೈಗಿಟ್ಟು, “ಬಾಯಲ್ಲಿಟ್ಕೊಳ್ಳಿ ಸಾರ್, ಕಿರುಚೋಕೆ ಆಗಲ್ಲ” ಎಂದಳು. ಜವಾನ, “ಹೆದರಿಕೆ ಬಂತೋ, ಕಾಲ್ಬೆರಳು ಮಡಚಿಬಿಡಿ” ಎಂದ. ಚಿತ್ರ ಓಡಿಸುವ ಆಪರೇಟರ್ ಮಾತ್ರ, “ಎಲ್ಲಿ ಭಯ ಆಗುತ್ತೋ ಅಲ್ಲಿ ನಕ್ಕುಬಿಡಿ ಸಾರ್. ನಗೋನಿಗೆ ಯಾವ ಭಯ?” ಎನ್ನುತ್ತ ಫಿಲ್ಮಿನ ಎರಡು ಡಬ್ಬಿ ಕಂಕುಳಲ್ಲಿಟ್ಟುಕೊಂಡು ಓಡಿದ.

ಆ ಕಚೇರಿಯಲ್ಲೊಂದು ಪದ್ಧತಿಯಿತ್ತು. ದೊಡ್ಡ ಹೆಸರು ನೋಡಿ ಯಾರೂ ಮರುಳಾಗಬಾರದೆಂದು, ಚಿತ್ರದ ಶೀರ್ಷಿಕೆ, ತಯಾರಿಸಿದವರ ಹೆಸರು ಎಲ್ಲ ಕತ್ತರಿಸಿಯೇ ತೋರಿಸುತ್ತಿದ್ದರು. ಡಬ್ಬಿಯ ಮೇಲೂ ಹೆಸರಿರುತ್ತಿರಲಿಲ್ಲ. ಜೊತೆಗೆ, ಮಕ್ಕಳ ಚಿತ್ರವಾದರೆ ಹೊರಗಿನ ಒಬ್ಬ ತಾಯಿಯನ್ನೋ ಅಜ್ಜಿಯನ್ನೋ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು.

ದೀಪ ಆರಿತು. ಪರದೆಯ ಮೇಲೆ ಬಣ್ಣದ ಗೊಂಬೆಯಂಥ ಹುಡುಗಿಯೊಬ್ಬಳು ಮಲಗಿದ್ದಳು. ಮನೆ ನಿಶ್ಶಬ್ದ. ಮಂಚದ ಕೆಳಗಿನಿಂದ ಅವಳ ಅಮ್ಮನ ದನಿ ಕೇಳಿತು, “ಪುಟ್ಟಾ, ಕೆಳಗೆ ಬಾ.” ಅಷ್ಟರಲ್ಲಿ ಅಡುಗೆಮನೆಯಿಂದಲೂ ಅಮ್ಮನ ದನಿ ಬಂತು, “ಹೋಗ್ಬೇಡ ಪುಟ್ಟಾ, ನನಗೂ ಕೇಳಿಸ್ತು.”

ಪುಕ್ಕಲರಾಯ ಎರಡು ಪೆಪ್ಪರಮಿಂಟ್ ಒಟ್ಟಿಗೇ ಬಾಯಿಗೆ ಹಾಕಿದ. ಮಂಚದ ಕೆಳಗಿನಿಂದ ಉದ್ದನೆಯ ಬೆರಳುಗಳು ಹೊರಬಂದು ಹುಡುಗಿಯ ಚಪ್ಪಲಿಯನ್ನು ಮೆಲ್ಲಗೆ ಒಳಗೆಳೆದುಕೊಂಡವು. ಅವನು ಕಾಲ್ಬೆರಳು ಮಡಚಿದ. ಹಾರುವ ಆಮೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದ. ಆಮೆಯ ಸುಳಿವಿಲ್ಲ. ಕೊನೆಗೆ ನಗೋಣವೆಂದು ಬಾಯಿ ತೆರೆದರೆ, ಕೊಡದಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬಂತು.

ಆಗ ಹಿಂದಿನ ಸಾಲಿನಿಂದ ಟಿಕ್ ಟಿಕ್ ಎಂದು ಕೇಳಿಸಿತು. ತಿರುಗಿ ನೋಡಿದ. ಕತ್ತಲಲ್ಲಿ ಒಬ್ಬಳು ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದಳು. ಜೀವ ಬಂದಂತಾಯಿತು ಅವನಿಗೆ.

“ಭಯ ಆಗ್ತಿದೆಯಾ ಮಗಾ?”

“ಛೆ ಛೆ, ಇಲ್ಲಜ್ಜಿ. ನೀವು ಬಂದಿದ್ದೇ ಗೊತ್ತಾಗ್ಲಿಲ್ಲ.”

“ನಾನು ಯಾವಾಗ್ಲೂ ಕೆಳಗೇ ಕೂತು ನೋಡೋದು. ಇವತ್ತು ಇದನ್ನ ಮೇಲೆ ಹಾಕಿದಾರೆ ಅಂತ ಹತ್ತಿ ಬಂದೆ. ನೀನು ಸುಮ್ನೆ ನೋಡು, ನಾನಿದೀನಲ್ಲ.”

ಅಜ್ಜಿ ಹೇಳುತ್ತಿರುವುದು ಕೆಳಗಿನ ಸ್ವಾಗತ ಕೊಠಡಿಯ ಟಿ.ವಿ. ವಿಷಯ ಇರಬೇಕು ಎಂದು ಪುಕ್ಕಲರಾಯ ಅಂದುಕೊಂಡ. ಅಜ್ಜಿ ಅರ್ಧ ಹೆಣೆದ ಸ್ವೆಟರನ್ನು ಅವನ ಬೆನ್ನಿಗೆ ಹಿಡಿದು ಭುಜದ ಅಳತೆ ನೋಡಿದಳು. ಕೈ ಮಂಜಿನಷ್ಟು ತಣ್ಣಗಿತ್ತು.

“ಅಯ್ಯೋ, ನಿಮ್ಮ ಕೈ ಎಷ್ಟು ತಣ್ಣಗಿದೆ ಅಜ್ಜಿ!”

“ಕೆಳಗೆ ಬಹಳ ಚಳಿ ಮಗಾ.”

ಪರದೆಯ ಮೇಲೆ ಹುಡುಗಿ ಮಂಚದ ಕೆಳಗೆ ಹೋದಳು. ಬೆಳಗಾದಾಗ ಹೊರಬಂದವಳ ಮುಖ ಅದೇ ಇತ್ತು, ಕಣ್ಣು ಮಾತ್ರ ಬೇರೆ ಯಾರದೋ. ಅಜ್ಜಿ ಕಿಲಕಿಲ ನಕ್ಕಳು. ಅವಳ ಧೈರ್ಯದಲ್ಲಿ ಪುಕ್ಕಲರಾಯನೂ ಗಟ್ಟಿಯಾಗಿ ನಕ್ಕ.

ದೀಪ ಹತ್ತಿದಾಗ ಹಿಂದಿನ ಸಾಲು ಖಾಲಿಯಿತ್ತು. ಅವನು ನೇರ ಮೇಜಿಗೆ ಹೋಗಿ, ಹೊದಿಕೆಯನ್ನು ಹಲ್ಲಿನಿಂದ ಹರಿದು, ಹಸಿರು ಮೊಹರನ್ನು ಧಪ್ಪನೆ ಒತ್ತಿದ. ಟೈಪಿಸ್ಟ್ ಅಕ್ಕ ಚಪ್ಪಾಳೆ ತಟ್ಟಿದಳು. ಜವಾನ ಮೂಗಿನ ಮೇಲೆ ಬೆರಳಿಟ್ಟುಕೊಂಡ.

“ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ ಮೇಡಂ,” ಎಂದು ಎದೆಯುಬ್ಬಿಸಿ ನಿಂತ. “ಚಪ್ಪಲಿ ಎಲ್ಲೆಂದರಲ್ಲಿ ಬಿಡಬಾರದು ಅನ್ನೋ ನೀತೀನೂ ಇದೆ. ನಾನಂತೂ ಬಿದ್ದು ಬಿದ್ದು ನಕ್ಕೆ. ಆ ಹಾರೋ ಆಮೆ ಬರ್ಲಿಲ್ಲ, ಅದೊಂದೇ ಕೊರತೆ.”

ಮೇಡಂ ಅವನ ಭುಜದ ಮೇಲಿದ್ದ ಬೂದು ಉಲ್ಲನ್ ಎಳೆಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಆಪರೇಟರ್ ಏದುಸಿರು ಬಿಡುತ್ತ ನುಗ್ಗಿದ.

“ತಪ್ಪಾಯ್ತು ಮೇಡಂ! ಡಬ್ಬಿ ಅದಲುಬದಲಾಗಿದೆ. ದೆವ್ವದ್ದು ಮೇಲೆ ಬಂದಿದೆ, ಆಮೆದು ಕೆಳಗೆ ಹೋಗಿದೆ. ಗಟ್ಟಿಗ ಸಾರ್ ಅಲ್ಲಿ ಆಮೆ ನೋಡಿ ಸಂತೋಷಕ್ಕೆ ಅಳ್ತಿದಾರೆ!”

ಮೇಡಂ ನಿಧಾನಕ್ಕೆ ಕನ್ನಡಕ ತೆಗೆದರು.

“ಆ ಚಿತ್ರಾನ ಅರ್ಧ ನೋಡಿ ನಾನೇ ಎದ್ದು ಬಂದಿದ್ದೆ ಕಣ್ರೀ. ನೀವು ನಕ್ಕಿದೀರಾ! ಇಂಥ ಗುಂಡಿಗೆ ಇಟ್ಕೊಂಡು ಇಷ್ಟು ದಿನ ಬಾತುಕೋಳಿಗೆ ಹೆದರೋ ನಾಟಕ ಆಡಿದ್ರಾ? ಮತ್ತೆ ಇದನ್ನ ಎಳೆ ಮಕ್ಕಳಿಗೆ ಕೊಡಿ ಅನ್ನೋರನ್ನ ಮಕ್ಕಳ ವಿಭಾಗದಲ್ಲಿ ಹೇಗ್ರೀ ಇಟ್ಕೊಳ್ಳೋದು? ಈಗಲೇ ನೆಲಮಾಳಿಗೆಗೆ ಹೋಗಿ.”

“ಅಯ್ಯೋ ಮೇಡಂ, ನನಗೆ ಕೈಕಾಲೇ ನಡುಗಿಹೋಗಿತ್ತು! ಹಿಂದೆ ಕೂತಿದ್ದ ಅಜ್ಜಿ ಧೈರ್ಯ ಹೇಳಿದ್ರು. ಬೇಕಾದ್ರೆ ಅವರನ್ನೇ ಕೇಳಿ.”

“ಯಾವ ಅಜ್ಜಿ? ಇವತ್ತು ಬರಬೇಕಾಗಿದ್ದವರು ಬರಲ್ಲ ಅಂತ ಬೆಳಿಗ್ಗೇನೇ ಫೋನ್ ಮಾಡಿದ್ರು. ಒಳಗಿದ್ದಿದ್ದು ನೀವೊಬ್ಬರೇ.”

ಮೆಟ್ಟಿಲ ಮೇಲೆ ಗಟ್ಟಿಗ ಎದುರಾದ. ಕಣ್ಣೊರೆಸಿಕೊಂಡು ನೆಲಮಾಳಿಗೆಯ ಬೀಗದ ಕೈಯನ್ನು ಇವನ ಅಂಗೈಗೆ ಹಾಕಿದ.

“ಕೆಳಗೆ ಚಳಿ ಜಾಸ್ತಿ ರಾಯರೇ.”

“ಮನೆಯಿಂದ ಸ್ವೆಟರ್ ತರ್ಲಾ?”

“ಬೇಡ. ಅಲ್ಲೇ ಕೊಡ್ತಾರೆ,” ಎಂದವನೇ ಗಟ್ಟಿಗ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದ.

ನೆಲಮಾಳಿಗೆಯಲ್ಲಿ ಒಂದೇ ಕುರ್ಚಿಯಿತ್ತು. ಪುಕ್ಕಲರಾಯ ಕೂತನೋ ಇಲ್ಲವೋ, ಹಿಂದಿನಿಂದ ಟಿಕ್ ಟಿಕ್ ಶುರುವಾಯಿತು.

“ಬಂದ್ಯಾ ಮಗಾ? ಆ ಗಟ್ಟಿಗನಿಗೆ ಹೆಣೆಯೋಣ ಅಂದ್ರೆ ಒಂದು ದಿನಾನೂ ಕೂತಲ್ಲಿ ಕೂರ್ಲಿಲ್ಲ. ನೀನು ಒಳ್ಳೆ ಹುಡುಗ. ಒಂದು ತೋಳು ಬಾಕಿ ಇದೆ, ಕೈ ಚಾಚು.”

ಪುಕ್ಕಲರಾಯ ಪೆಪ್ಪರಮಿಂಟ್ ಬಾಯಿಗೆ ಹಾಕಿದ. ಕಾಲ್ಬೆರಳು ಮಡಚಿದ. ನಗಲು ನೋಡಿದ, ಆಗಲಿಲ್ಲ.

ಅವನ ಪಾಲಿನ ನಗುವನ್ನೂ ಅಜ್ಜಿಯೇ ನಕ್ಕಳು.